ಅಕ್ಕಿ ಡಬ್ಬಿಯ ತಳದಲ್ಲಿದ್ದ ಕಾಗದ

ಬೆಟಗೇರಿ,
ಫೆಬ್ರುವರಿ 30, 2191

ತಬಿಥಮ್ಮಜ್ಜಿಗೆ, ನಿಮ್ಮ ಆರನೆಯ ತಲೆಮಾರಿನ ಮೊಮ್ಮಗಳು ಪ್ರಿಸ್ಕಿಲ್ಲಾ ಮಾಡುವ ವಂದನೆಗಳು.

ತಾರೀಖು ನೋಡಿ ಹೌಹಾರಬೇಡಿ. ಕ್ಯಾಲೆಂಡರ್ ತಿದ್ದಿದ ಪುಣ್ಯಾತ್ಮರು ಫೆಬ್ರುವರಿಗೂ ನ್ಯಾಯ ಸಿಗಲೆಂದು ಎರಡು ದಿನ ಕೂಡಿಸಿದ್ದಾರೆ. ನನ್ನ ಮಾತು ವಿಚಿತ್ರವೆನಿಸಿದರೆ ಕ್ಷಮಿಸಿ. ನಿಮ್ಮ ಕಾಲದ ಕನ್ನಡವನ್ನು ನಾನು ಕಲಿತದ್ದು ನಮ್ಮ ಚರ್ಚ್ ಸಭೆಯ ಹಳೆಯ ವರದಿಗಳಿಂದ, ಆದ್ದರಿಂದ ಅಲ್ಲಲ್ಲಿ ಪಾದ್ರಿ ಅಯ್ಯನವರ ಪ್ರಸಂಗದಂತೆ ಕೇಳಿಸೀತು. ಹಿಂದಿನ ಕಾಲದವರಿಗೆ ಬರೆಯುವ ಇಂಥ ಪತ್ರಕ್ಕೆ ನಮ್ಮಲ್ಲಿ ‘ಹಿನ್ನೋಲೆ’ ಎನ್ನುತ್ತಾರೆ. ಒಬ್ಬರಿಗೆ ಜೀವಮಾನದಲ್ಲಿ ಒಂದೇ. ತಲುಪಿಯೇ ತಲುಪುತ್ತದೆ ಎಂದು ಹಿನ್ನೋಲೆ ಕಚೇರಿಯವರು ಆಣೆ ಮಾಡುತ್ತಾರೆ, ಆದರೆ ಇದುವರೆಗೆ ಯಾರಿಗೂ ಉತ್ತರ ಬಂದಿಲ್ಲ. ಹೆಚ್ಚಿನವರು ಮುತ್ತಜ್ಜನಿಗೆ ‘ಆ ಜಾಗ ಮಾರಬೇಡಿ’ ಎಂದು ಬರೆದು ಸುಮ್ಮನಾಗುತ್ತಾರೆ. ನಾನು ಬರೆಯುತ್ತಿರುವುದು ನಿಮ್ಮ ಅಡುಗೆಮನೆಯಲ್ಲಿರುವ ಗಿಣಿ ಚಿತ್ರದ ತಗಡಿನ ಡಬ್ಬಿಯ ವಿಷಯ.

ಆ ಡಬ್ಬಿ ಈಗ ನನ್ನ ಮನೆಯಲ್ಲಿದೆ. ಗಿಣಿ ಅಳಿಸಿಹೋಗಿ ಕೆಂಪು ಕೊಕ್ಕು ಮಾತ್ರ ಉಳಿದಿದೆ. ನಿಮ್ಮ ಬೆಟಗೇರಿಯನ್ನು ನೀವು ಗುರುತು ಹಿಡಿಯಲಾರಿರಿ. ಬಿಸಿಲು ತಾಳಲಾರದೆ ಬೀದಿಬೀದಿಗೂ ಬಟ್ಟೆಯ ಚಾವಣಿ ಹೊದಿಸಿದ್ದಾರೆ, ಅವು ‘ನೆರಳುಬೀದಿ’ಗಳು. ಊಟ ಓಣಿಗೊಂದರಂತಿರುವ ‘ಹಂಚುಮನೆ’ಯಿಂದ ಬರುತ್ತದೆ, ಮನೆಯಲ್ಲಿ ಒಲೆ ಹಚ್ಚಲು ವಾರಕ್ಕೊಂದೇ ದಿನ ಅಪ್ಪಣೆ. ಆ ದಿನಕ್ಕೆ ‘ಒಲೆವಾರ’ ಎನ್ನುತ್ತೇವೆ. ನಾನು ಚಿಕ್ಕವಳಿದ್ದಾಗ ಒಲೆವಾರ ಬಂದರೆ ಹಬ್ಬ. ಅವ್ವ ಅಕ್ಕಿ ತೊಳೆಯುವ ಮುಂಚೆ ನನ್ನನ್ನು ಕರೆದು, ನನ್ನ ಪುಟ್ಟ ಮುಷ್ಟಿಯಿಂದ ಒಂದು ಹಿಡಿ ಅಕ್ಕಿಯನ್ನು ಆ ಡಬ್ಬಿಗೆ ಹಾಕಿಸುತ್ತಿದ್ದಳು. ಸುವಾರ್ತೆ ಹೇಳಲು ಮನೆಮಠ ಬಿಟ್ಟು ಹೋದವರಿಗಾಗಿ ಆ ಅಕ್ಕಿ. ನೀವು ಪ್ರತಿದಿನ ಹಾಕುತ್ತಿದ್ದಿರಂತೆ, ನಾವು ವಾರಕ್ಕೊಮ್ಮೆ. ಡಬ್ಬಿಯ ತಳಕ್ಕೆ ಕಾಳು ಬೀಳುವ ಸದ್ದು ಈಗಲೂ ನನ್ನ ಕಿವಿಯಲ್ಲಿದೆ. ಸಂಜೆ ಚಾಪೆ ಹಾಸಿ, ಎಲ್ಲರೂ ಮೊಣಕಾಲೂರಿದಾಗ ಅವ್ವ ಒಂದೊಂದೇ ದೂರದ ಊರಿನ ಹೆಸರು ಹೇಳಿ, ಅಲ್ಲಿಗೆ ಯಾರನ್ನಾದರೂ ಕಳಿಸು ದೇವರೇ ಎಂದು ಬೇಡುತ್ತಿದ್ದಳು. ಭೂಗೋಳವನ್ನು ನಾನು ಶಾಲೆಯಲ್ಲಿ ಕಲಿಯಲಿಲ್ಲ, ಆ ಚಾಪೆಯ ಮೇಲೆ ಕಲಿತೆ. ಅಯ್ಯೋ, ಎಂಥ ಸಂಜೆಗಳಿದ್ದವು ಅವು!

ಏಳು ವರ್ಷದವಳಿದ್ದಾಗ ಒಮ್ಮೆ ಕೇಳಿದೆ, “ಅವ್ವಾ, ನಾ ಹೋಗ್ಲೇನು?” ಅವ್ವ ನಕ್ಕುಬಿಟ್ಟಳು. “ನೀ ಎಲ್ಲಿ ಹೊಂಟಿ? ಅದಕ್ಕ ಬ್ಯಾರೆ ಮಂದಿ ಅದಾರ. ನೀ ಅಕ್ಕಿ ಹಾಕು, ಸಾಕು.” ಆಮೇಲೆ ನಿಮ್ಮ ಮಗಳು ರೋದಜ್ಜಿಯ ಕಥೆ ಹೇಳಿದಳು. ನಮ್ಮ ಮನೆತನದಲ್ಲಿ ಪ್ರತಿ ತಾಯಿಯೂ ಮಗಳಿಗೆ ಹೇಳುವ ಕಥೆ ಅದು. ರೋದಜ್ಜಿ ನರ್ಸ್ ಓದಿದ್ದಳಂತೆ, ಗುಡ್ಡಗಾಡಿನ ಮಿಷನ್ ಆಸ್ಪತ್ರೆಗೆ ಅರ್ಜಿ ಹಾಕಿದ್ದಳಂತೆ, ತಿಂಗಳುಗಟ್ಟಲೆ ಬಾಗಿಲು ಕಾಯ್ದಳಂತೆ, ಅವರು ಕರೆಯಲೇ ಇಲ್ಲವಂತೆ. ದೇವರಿಗೆ ನಾನು ಬೇಡವಾದೆ ಎಂದುಕೊಂಡು ಮದುವೆಯಾದಳು. ನಲವತ್ತು ವರ್ಷ ಸಂಡೇ ಸ್ಕೂಲಿನಲ್ಲಿ ಬೇರೆಯವರ ಮಕ್ಕಳಿಗೆ ಮಿಷನರಿಗಳ ಕಥೆ ಹೇಳಿದಳು. ತನ್ನ ಮಕ್ಕಳಿಗೆ ಮಾತ್ರ, ಪ್ರಾರ್ಥನೆ ಮಾಡಿರಿ, ಕಾಣಿಕೆ ಕೊಡಿರಿ, ಹೋಗುವುದು ನಮಗೆ ಬರೆದಿಲ್ಲ ಎಂದಳು. ನಾವೆಲ್ಲ ಅದನ್ನು ನಂಬಿದೆವು. ನಮ್ಮ ಮನೆಯಿಂದ ಮಣಗಟ್ಟಲೆ ಅಕ್ಕಿ ಹೋಯಿತು, ಒಬ್ಬ ಮನುಷ್ಯ ಹೋಗಲಿಲ್ಲ.

ನನ್ನ ಮಗಳು ನಿರೀಕ್ಷಾ ನಂಬಲಿಲ್ಲ. ಇಪ್ಪತ್ತೊಂದು ವರ್ಷ ಅವಳಿಗೆ, ಅವಳೂ ನರ್ಸ್. ಸಮುದ್ರ ನೆಲ ನುಂಗಿದ ಮೇಲೆ ಜನ ತೆಪ್ಪಗಳ ಮೇಲೆ ಕಟ್ಟಿಕೊಂಡ ಊರುಗಳಿಗೆ ‘ತೇಲೂರು’ ಎನ್ನುತ್ತೇವೆ. ಸೋಂಕಿನ ಭಯಕ್ಕೆ, ಅಲ್ಲಿಗೆ ಹೋದವರನ್ನು ಏಳು ವರ್ಷ ವಾಪಸು ಬಿಡುವುದಿಲ್ಲ. ಅಲ್ಲಿಯ ಸೇವೆಗೆ ಅರ್ಜಿ ಹಾಕಿದ್ದೇನೆ ಎಂದು ಅವಳು ಹೇಳಿದಾಗ ನಾನು ಕೂಗಾಡಿದೆ. ಅವಳಪ್ಪ ತೀರಿಕೊಂಡು ಐದು ವರ್ಷ, ಮನೆಯಲ್ಲಿ ನಾವಿಬ್ಬರೇ. ಅವಳು ಶಾಂತವಾಗಿ ಕೇಳಿದಳು, “ದಿನಾ ಸಂಜೀಕ ನೀನ ಬೇಡಕೋತೀಯಲ್ಲವ್ವಾ, ಯಾರನ್ನರ ಕಳಸು ದೇವರ ಅಂತ. ಆ ಯಾರರ ನಾನ ಆದ್ರ ತಪ್ಪೇನು?” ಅಂದಿನಿಂದ ಸಂಜೆಯ ಪ್ರಾರ್ಥನೆಯಲ್ಲಿ ಆ ಸಾಲನ್ನೇ ಬಿಟ್ಟುಬಿಟ್ಟೆ, ನೋಡಿ ನನ್ನ ಭಕ್ತಿಯನ್ನು!

ಕಳೆದ ತಿಂಗಳು ಸಭೆಯ ಮಿಷನ್ ಮಂಡಳಿಯಿಂದ ಅವಳಿಗೆ ಕರೆ ಬಂತು. ಇಂಥದ್ದಕ್ಕೆ ಮಾತ್ರ ಸಭೆಯವರು ಈಗಲೂ ಕಾಗದ ಬಳಸುತ್ತಾರೆ. ಅವಳು ಡ್ಯೂಟಿಗೆ ಹೋಗಿದ್ದಳು, ನನ್ನ ಕೈಗೆ ಸಿಕ್ಕಿತು. ನಾಲ್ಕು ದಿನ ಸೆರಗಿನಲ್ಲೇ ಇಟ್ಟುಕೊಂಡು ತಿರುಗಿದೆ. ದಿನದಿನಕ್ಕೂ ಅವಳ ಮಾತು ಕಡಿಮೆಯಾಗುತ್ತಿತ್ತು. ಐದನೆಯ ದಿನ ಅಡಗಿಸಿಡಲು ಜಾಗ ಹುಡುಕಿದೆ. ಅಕ್ಕಿ ಡಬ್ಬಿಯ ತಳದಲ್ಲಿ ಒಂದು ತಗಡಿನ ಬಿಲ್ಲೆ ಕೂರಿಸಿದೆಯಲ್ಲ, ತುಕ್ಕು ತಿಂದ ತೂತಿಗೆ ಹಾಕಿದ ತೇಪೆಯೆಂದು ನಾವೆಲ್ಲ ತಿಳಿದದ್ದು, ಅದನ್ನು ಚಾಕುವಿನಿಂದ ಎಬ್ಬಿಸಿದೆ. ಕೆಳಗೆ ಆಗಲೇ ಒಂದು ಲಕೋಟೆ ಇತ್ತು.

ಮೇಲೆ ರೋದಜ್ಜಿಯ ಹೆಸರು. ಒಳಗೆ ನೇಮಕದ ಪತ್ರ, ಜೂನ್ 30, 2026ರೊಳಗೆ ಒಪ್ಪಿಗೆ ತಿಳಿಸಬೇಕೆಂದು. ಹಿಂಬದಿಯಲ್ಲಿ ಪೆನ್ಸಿಲಿನ ಎರಡು ಸಾಲು, ಓದಿದೊಡನೆ ತಿಳಿಯಿತು ಅದು ನಿಮ್ಮ ಕೈಬರಹವೆಂದು: “ಇರಾಕಿ ಒಬ್ಬಾಕಿ ಮಗಳು, ದೇವರ. ಈಕೀನ ಕೇಳಬ್ಯಾಡ.”

ಅಜ್ಜಿ, ನಾನು ಅಡುಗೆಮನೆಯ ನೆಲದ ಮೇಲೆ ಕುಳಿತು ಗೊಳೋ ಎಂದು ಅತ್ತೆ. ನಿಮ್ಮನ್ನು ಬೈಯೋಣವೆಂದರೆ ಬೈಯುವ ಬಾಯಿ ಎಲ್ಲಿತ್ತು? ನನ್ನ ಕೈಯಲ್ಲೂ ಒಂದು ಲಕೋಟೆ ಇತ್ತಲ್ಲ. ನೂರಾ ಅರುವತ್ತೈದು ವರ್ಷ ನಾವು ಹೆಂಗಸರು ಆ ಕಾಗದದ ಮೇಲೆಯೇ ಹಿಡಿ ಹಿಡಿ ಅಕ್ಕಿ ಸುರಿದಿದ್ದೆವು.

ಸಂಜೆ ನಿರೀಕ್ಷಾಳ ಮುಂದೆ ಎರಡನ್ನೂ ಇಟ್ಟೆ. ನನ್ನ ಮೇಲೆ ಹರಿಹಾಯುತ್ತಾಳೆ ಎಂದುಕೊಂಡಿದ್ದೆ. ಅವಳು ತನ್ನ ಕಾಗದವನ್ನು ಎದೆಗವಚಿಕೊಂಡು ಇಷ್ಟೇ ಅಂದಳು, “ನಾ ಬ್ಯಾಡಾದೆ ಅಂತ ತಿಳ್ಕೊಂಡಿದ್ದೆ, ಅವ್ವಾ.” ರೋದಜ್ಜಿ ಸಾಯುವತನಕ ಹೊತ್ತ ಮಾತು, ನನ್ನ ಮಗಳು ಐದು ದಿನ ಹೊತ್ತಿದ್ದಳು. ನಿನ್ನೆ ಸಭೆಯ ಮುಂದೆ ಅವಳ ತಲೆಯ ಮೇಲೆ ಕೈಯಿಟ್ಟು ಕಳಿಸಿಕೊಟ್ಟೆ. ಕೈ ತೆಗೆಯಲು ಮನಸ್ಸಾಗಲಿಲ್ಲ, ಅಯ್ಯನವರೇ ಮೆಲ್ಲಗೆ ಬಿಡಿಸಿದರು. ಈ ಹೊತ್ತು ಮನೆ ಬಿಕೋ ಎನ್ನುತ್ತಿದೆ. ಅವಳ ಚಾಪೆಯನ್ನು ಸುತ್ತಿಡಲು ಹೋಗಿ ಹಾಗೇ ಬಿಟ್ಟಿದ್ದೇನೆ.

ಈಗ ನನ್ನ ಬೇಡಿಕೆ. ಈ ಹಿನ್ನೋಲೆಯನ್ನು 2026ರ ಜೂನ್ ಮೊದಲ ವಾರಕ್ಕೆ ತಲುಪಿಸಿ ಎಂದು ಬರೆದುಕೊಟ್ಟಿದ್ದೇನೆ. ನಿಮ್ಮಲ್ಲಿ ಇನ್ನೂ ದಿನಗಳಿವೆ. ಅಂಚೆಯವನ ಸೈಕಲ್ ಸದ್ದಾದಾಗಲೆಲ್ಲ ರೋದಾ ತಲೆಯೆತ್ತುವುದನ್ನು ನೀವು ನೋಡುತ್ತಲೇ ಇದ್ದೀರಿ. ಬಿಲ್ಲೆ ಎಬ್ಬಿಸಿ, ಅವಳ ಕಾಗದ ಅವಳಿಗೆ ಕೊಡಿ. ಹೋಗುವುದು ಬಿಡುವುದು ಅವಳಿಗೆ ಬಿಟ್ಟದ್ದು. ಕರೆ ಬಂದಿತ್ತು ಎಂಬುದಾದರೂ ಅವಳಿಗೆ ತಿಳಿಯಲಿ.

ಅವಳು ಹೋಗಿಬಿಟ್ಟರೆ ಇಲ್ಲಿ ಆ ಮದುವೆ ನಡೆಯದು, ನಾನೂ ನಿರೀಕ್ಷಾಳೂ ಹುಟ್ಟದೆ ಹೋದೇವು. ಅದನ್ನೂ ಯೋಚಿಸಿದ್ದೇನೆ. ನಾವು ಬೇಕಿದ್ದರೆ ದೇವರು ಬೇರೆ ದಾರಿಯಿಂದಲಾದರೂ ಕರೆತಂದಾನು, ಆ ಚಿಂತೆ ನಿಮಗೆ ಬೇಡ. ಕೆಳಗೆ ನನ್ನ ರುಜು ಇದೆ. ನೀವು ಡಬ್ಬಿಯ ಹತ್ತಿರ ಹೋಗಿ ಬಂದ ಮೇಲೆ ಅದು ಕಾಣಿಸದಿದ್ದರೆ ಗಾಬರಿಯಾಗಬೇಡಿ, ಅಜ್ಜಿ.

ನಿಮ್ಮ
ಪ್ರಿಸ್ಕಿಲ್ಲಾ