ಕೊಟ್ಟ ಮಾಹಿತಿಯಿಂದ ಹೇಳಲಾಗದು

ಜೂನ್ 4, ಬೆಳಗ್ಗೆ 5.40

ಹದಿನೈದು ಲೆಕ್ಕ, ಇಪ್ಪತ್ತಾರು ನಿಮಿಷ. ಒಂಬತ್ತು ಸರಿ. ನಿನ್ನೆಯೂ ಒಂಬತ್ತೇ. ಶೇಕಡಾವಾರು ಪರವಾಗಿಲ್ಲ, ಜ್ಯಾಮಿಟ್ರಿ ನಾಯಿಪಾಡು. ಹನ್ನೊಂದು ವರ್ಷದಿಂದ ಮಕ್ಕಳ ವಾರ್ಡಿನಲ್ಲಿ ನರ್ಸ್ ನಾನು. ವೃತ್ತದೊಳಗಿನ ತ್ರಿಕೋನ ನನಗೆ ಯಾವ ಜನ್ಮದ ನೆಂಟ? ಆದರೆ ಪಬ್ಲಿಕ್ ಹೆಲ್ತ್‌ನಲ್ಲಿ ಮಾಸ್ಟರ್ಸ್ ಬೇಕೆಂದರೆ ಈ ಪ್ರವೇಶ ಪರೀಕ್ಷೆಯ ಗಣಿತ ದಾಟಲೇಬೇಕು. ಆಗಸ್ಟ್ 24. ವಾರ್ಡ್ ಬಿಟ್ಟು ಹೋಗಲು ಬೇರೆ ದಾರಿ ಕಾಣುವುದಿಲ್ಲ.

ಅಮ್ಮ ಕಾಫಿ ತಂದಿಟ್ಟು ಪುಸ್ತಕ ಇಣುಕಿ ನೋಡಿದಳು. "ಇದೆಲ್ಲ ಇರ್ಲಿ, ಹದಿಮೂರರ ಮಗ್ಗಿ ಹೇಳು ನೋಡೋಣ." ಹದಿಮೂರೇಳ್ಲಿಗೆ ಬಂದು ನಿಂತೆ. "ತೊಂಬತ್ತೊಂದು ಕಣೇ ದಡ್ಡಿ! ನಿನ್ನ ಕೈಗೆ ಸಿರಿಂಜ್ ಕೊಟ್ಟೋರು ಯಾರೋ ಪುಣ್ಯಾತ್ಮರು!"

ತಮಾಷೆಗೆ ಅಂದದ್ದು. ನಗಲು ಆಗಲಿಲ್ಲ. ಕಾಫಿ ಆರಿಹೋಯಿತು.

ಜೂನ್ 9, ಸಂಜೆ

ಮೇಷ್ಟ್ರ ಮನೆಯಲ್ಲಿ ಕೋಚಿಂಗ್. ನಿವೃತ್ತ ಲೆಕ್ಚರರ್, ಹಾಲಿನಲ್ಲಿ ಆರು ಜನ. ಉಳಿದ ಐವರೂ ನನಗಿಂತ ಹತ್ತು ವರ್ಷ ಚಿಕ್ಕವರು. ನನ್ನನ್ನು "ಆಂಟಿ" ಅನ್ನಲೋ ಬೇಡವೋ ಎಂದು ಒದ್ದಾಡುತ್ತಾರೆ.

ಇವತ್ತು ಹೋಲಿಕೆಯ ಪ್ರಶ್ನೆಗಳು. ಎರಡು ಪ್ರಮಾಣ ಕೊಡುತ್ತಾರೆ. ಎ — ಮೊದಲನೆಯದು ದೊಡ್ಡದು. ಬಿ — ಎರಡನೆಯದು. ಸಿ — ಎರಡೂ ಸಮ. ಡಿ — ಕೊಟ್ಟ ಮಾಹಿತಿಯಿಂದ ಹೇಳಲಾಗದು. ನನ್ನ ಹಾಳೆ ನೋಡಿ ಮೇಷ್ಟ್ರು ಕನ್ನಡಕ ಹಣೆಗೇರಿಸಿದರು.

"ಇಪ್ಪತ್ತರಲ್ಲಿ ಹದಿಮೂರು ಡಿ ಹಾಕಿದೀಯಲ್ಲಮ್ಮ. ಡಿ ಅಂದ್ರೆ ನಂಗೊತ್ತಿಲ್ಲ ಅಂತಲ್ಲ. ಯಾರಿಗೂ ಗೊತ್ತಾಗೋಕೆ ಸಾಧ್ಯ ಇಲ್ಲ ಅಂತ. ಲೆಕ್ಕ ಮಾಡೋಕೆ ಮನಸ್ಸಿಲ್ದೆ ಇದ್ದಾಗ ನೀನು ಡಿ ಹಾಕ್ತೀಯ."

ಎಲ್ಲರೂ ನಕ್ಕರು. ನಾನು ಹಾಳೆ ಮಡಚಿ ಬ್ಯಾಗಿಗೆ ಹಾಕಿದೆ. 'ಮಾಹಿತಿಯಿಂದ ಹೇಳಲಾಗದು' ಎಂಬ ಆ ವಾಕ್ಯ ನಾನು ಮೊದಲು ಓದಿದ್ದು ಈ ಪುಸ್ತಕದಲ್ಲಲ್ಲ.

ಜೂನ್ 10, ಬೆಳಗ್ಗೆ 5.15

ಬರೆದುಬಿಡುತ್ತೇನೆ. ಓದುವವರು ಯಾರೂ ಇಲ್ಲ.

ಹೋದ ನವೆಂಬರ್. ಮಧ್ಯಾಹ್ನ ಎರಡು, ಶಿಫ್ಟ್ ಬದಲಾಗುವ ಹೊತ್ತು. ಏಳನೇ ಬೆಡ್ಡು. ಆರು ಕಿಲೋ ಮಗು, ಹುಟ್ಟಿನಿಂದಲೇ ಹೃದಯದ ತೊಂದರೆ. ಡಾಕ್ಟರ್ ಬರೆದದ್ದು ಕಿಲೋಗೆ ಹತ್ತು ಮೈಕ್ರೋಗ್ರಾಂ. ಅಂದರೆ ಅರವತ್ತು. ಒಂದು ಎಂ.ಎಲ್. ಮದ್ದಿನಲ್ಲಿ ಇನ್ನೂರೈವತ್ತು. ಅರವತ್ತು ಭಾಗಿಸು ಇನ್ನೂರೈವತ್ತು — ಸೊನ್ನೆ ಪಾಯಿಂಟ್ ಎರಡು ನಾಲ್ಕು. ಬ್ಯಾಗ್ ಆಗಲೇ ಹೆಗಲ ಮೇಲಿತ್ತು. ಬಾಯಲ್ಲೇ ಲೆಕ್ಕ ಹಾಕಿ ಗುಬ್ಬಿಗೆ ಹೇಳಿದೆ: "ಎರಡು ಪಾಯಿಂಟ್ ನಾಲ್ಕು ಎಂ.ಎಲ್."

ಗುಬ್ಬಿ — ಕೆಲಸಕ್ಕೆ ಸೇರಿ ಐದು ತಿಂಗಳಾಗಿದ್ದ ಹುಡುಗಿ. ಪುಟುಪುಟು ಓಡಾಡುತ್ತಾಳೆಂದು ಆ ಹೆಸರಿಟ್ಟವಳೂ ನಾನೇ. ಅವಳು ಕೇಳಿದಳು: "ಅಕ್ಕ, ಅಷ್ಟಕ್ಕೆ ಎರಡು ಆಂಪೂಲ್ ಒಡೀಬೇಕಲ್ಲ?"

ಅಲ್ಲೇ ನಿಲ್ಲಬೇಕಿತ್ತು. ಒಂದು ಆಂಪೂಲಿನ ಗಾಜಿನ ಬುಡ್ಡಿಯಲ್ಲಿ ಎರಡು ಎಂ.ಎಲ್. ಮದ್ದು; ಅಷ್ಟು ಚಿಕ್ಕ ಮಗುವಿಗೆ ಎರಡು ಆಂಪೂಲ್ ಯಾವತ್ತೂ ಬೇಕಾಗುವುದಿಲ್ಲ. ನಾನು ಅಂದದ್ದು — "ಹೇಳಿದಷ್ಟು ಮಾಡು ತಾಯಿ, ಬಸ್ ತಪ್ಪತ್ತೆ."

ಬಸ್ ಸಿಗಲಿಲ್ಲ. ಬಿಟ್ಟುಬಂದ ಛತ್ರಿಗೆಂದು ವಾರ್ಡಿಗೆ ವಾಪಸ್ ಹೋದೆ. ಮಗುವಿನ ತಾಯಿ ಕೇಳಿದಳು: "ಮಲಗ್ಬಿಟ್ನಾ ಸಿಸ್ಟರ್?"

"ಹೂಂ, ಮಲಗಿದಾನೆ" ಅಂದೆ. ಅವನು ಮತ್ತೆ ಏಳಲಿಲ್ಲ.

ಜೂನ್ 29

ಹದಿನೈದಕ್ಕೆ ಹನ್ನೆರಡು. ಮೇಷ್ಟ್ರಿಗೆ ಖುಷಿ. ನನಗೆ ಪುಸ್ತಕ ತೆರೆಯಲು ಹೆದರಿಕೆ. ತೊಟ್ಟಿ ತುಂಬುವ ಲೆಕ್ಕದಲ್ಲಿ ನಲ್ಲಿ ಕಾಣುವುದಿಲ್ಲ, ಸಿರಿಂಜ್ ಕಾಣುತ್ತದೆ. ಉತ್ತರ ಆರು ಬಂದರೆ ಬೆನ್ನಿನ ಹಿಂದೆ ಯಾರೋ ನಿಂತಂತೆ. ಟೈಮರ್ ಒತ್ತಿ ಮನೆಯೆಲ್ಲ ಸುಮ್ಮನಾದಾಗ, ಸರಿಯಾಗಿ ಕಿವಿಯ ಹತ್ತಿರ — ಮಲಗ್ಬಿಟ್ನಾ ಸಿಸ್ಟರ್?

ಎದ್ದು ಫ್ಯಾನ್ ಜೋರು ಮಾಡುತ್ತೇನೆ. ಅಮ್ಮ ಚಳಿ ಚಳಿ ಎಂದು ಬೈಯುತ್ತಾಳೆ.

ಜುಲೈ 13, ಊಟದ ಬಿಡುವು

ಏಳನೇ ಬೆಡ್ಡಿಗೆ ಹೊಸ ಮಗು ಬಂದಿದೆ. ದುಂಡುದುಂಡಗಿದೆ, ಬರೀ ನೆಗಡಿ. ಆದರೂ ಅದರ ಮದ್ದಿನ ಲೆಕ್ಕ ಐದು ಸಲ ಮಾಡಿದೆ.

ಆ ಸಾವಿನ ಬಗ್ಗೆ ಆಸ್ಪತ್ರೆ ಮಾಡಿದ ವಿಚಾರಣಾ ಸಮಿತಿಯ ಮುಂದೆ "ಎಷ್ಟು ಹೇಳಿದೆ ಅಂತ ನೆನಪಿಲ್ಲ" ಅಂದಿದ್ದೆ. ನೆನಪಿತ್ತು. ಅವರು ಬರೆದರು: ತಪ್ಪು ಯಾರಿಂದಾಯಿತೆಂದು ಲಭ್ಯ ಮಾಹಿತಿಯಿಂದ ಹೇಳಲಾಗದು. ಚುಚ್ಚಿದ ಕೈ ಗುಬ್ಬಿಯದು, ಚಾರ್ಟಿನಲ್ಲಿ ಸಹಿ ಗುಬ್ಬಿಯದು. ಪ್ರೊಬೇಷನ್‌ನಲ್ಲಿದ್ದವಳನ್ನು ಮನೆಗೆ ಕಳಿಸಿದರು. ನನ್ನನ್ನು ಸೀನಿಯರ್ ಮಾಡಿದರು.

ಸರಿಯಾದ ಪ್ರಮಾಣ ಕೊಟ್ಟಿದ್ದರೆ ಆ ಮಗು ಉಳಿಯುತ್ತಿತ್ತೇ? ಡಾಕ್ಟರಿಗೂ ಗೊತ್ತಿಲ್ಲ. ಅದು ನಿಜವಾಗಿಯೂ ಡಿ. ಲೆಕ್ಕ ತಪ್ಪಿದ್ದು ಯಾರು ಎನ್ನುವುದು ಡಿ ಅಲ್ಲ.

ಜುಲೈ 27

ಗುಬ್ಬಿಯನ್ನು ನೋಡಿದೆ. ಕನ್ನಡಕದ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆಂದು ಗೊತ್ತಿತ್ತು. ಕಣ್ಣು ತೋರಿಸುವ ನೆಪ ಮಾಡಿಕೊಂಡು ಹೋದೆ. ಹೇಳಿಬಿಡೋಣ ಎಂದೇ ಹೋದದ್ದು.

"ಅಕ್ಕಾ!" ಕೌಂಟರ್ ದಾಟಿ ಬಂದು ಕೈ ಹಿಡಿದಳು. ಸಣ್ಣಗಾಗಿದ್ದಾಳೆ. ಪರೀಕ್ಷೆಯ ವಿಷಯ ಹೇಳಿದೆ. ಕಣ್ಣರಳಿಸಿದಳು. "ನಿಮ್ಮಂಥೋರು ಮೇಲಕ್ಕೆ ಹೋಗ್ಬೇಕು ಅಕ್ಕ."

"ನೀನು ಮತ್ತೆ ಬೇರೆ ಆಸ್ಪತ್ರೆಗೆ..."

"ಅಯ್ಯೋ ಬೇಡ. ಈ ಕೈಲಿ ಇನ್ನು ಸೂಜಿ ಹಿಡಿಯಲ್ಲ." ಫ್ರೇಮುಗಳನ್ನು ಸಾಲಾಗಿ ಜೋಡಿಸುತ್ತಾ ಮೆಲ್ಲಗೆ ಅಂದಳು: "ಮೊದಮೊದ್ಲು ನೀವೇ ಅಷ್ಟು ಹೇಳಿದ್ದು ಅಂತ ಇತ್ತು ನಂಗೆ. ಆಮೇಲೆ ಯೋಚ್ನೆ ಮಾಡ್ದೆ. ಅಕ್ಕ ತಪ್ಪು ಹೇಳೋದುಂಟಾ? ಗಾಬರೀಲಿ ನಾನೇ ಜಾಸ್ತಿ ಎಳ್ಕೊಂಡಿರ್ತೀನಿ. ದಿನಾ ಬೆಳಗ್ಗೆ ಎದ್ದ ತಕ್ಷಣ ಆ ಆಂಪೂಲ್ ಒಡೀತೀನಿ ಅಕ್ಕ, ಮನಸ್ಸಲ್ಲಿ. ದಿನಾ ಒಂದೇ ಒಡೀಬೇಕು ಅನ್ಕೋತೀನಿ. ಎರಡೇ ಆಗತ್ತೆ."

ಒಂದು ಫ್ರೇಮ್ ಆರಿಸಿದೆ. "ಒಪ್ಪತ್ತೆ ನಿಮ್ಗೆ" ಅಂದಳು.

ಮನೆಗೆ ಬಂದು ಇಪ್ಪತ್ತು ಲೆಕ್ಕ ಮಾಡಿದೆ. ಇಪ್ಪತ್ತೂ ಸರಿ. ನನ್ನ ಮೇಲೆ ನನಗೇ ಹೇಸಿಗೆ ಆಯಿತು.

ಆಗಸ್ಟ್ 24

ಗಣಿತದಲ್ಲಿ 170ಕ್ಕೆ 166. ಸ್ಕ್ರೀನಿನ ಮೇಲೆ ಅಲ್ಲೇ ಬಂತು. ಕೊನೆಯ ಭಾಗದಲ್ಲಿ ಸದ್ದು ತಡೆಯಲು ಅಲ್ಲಿ ಕೊಟ್ಟ ಹೆಡ್‌ಫೋನ್ ಹಾಕಿಕೊಂಡಿದ್ದೆ, ಆದರೂ ಆ ತಾಯಿ ಅದೇ ಪ್ರಶ್ನೆ ಕೇಳಿದಳು. ಎಂದಿನ ಹಾಗೆ "ಹೂಂ" ಅಂದು ಮುಂದಿನ ಪ್ರಶ್ನೆಗೆ ಹೋದೆ.

ಅಮ್ಮ ಬೀದಿಗೆಲ್ಲ ಹೇಳಿದ್ದಾಳೆ. ಮೇಷ್ಟ್ರು ಫೋನಿನಲ್ಲಿ ಅತ್ತೇಬಿಟ್ಟರು.

ಸೆಪ್ಟೆಂಬರ್ 8

ಅರ್ಜಿಗೆ ನರ್ಸ್‌ಗಳ ಮುಖ್ಯಸ್ಥೆ ಮೇಟ್ರನ್ ಅವರ ಶಿಫಾರಸು ಬೇಕು. ಇವತ್ತು ಬರೆದು, ಕಳಿಸುವ ಮುಂಚೆ ಓದಲು ಕೊಟ್ಟರು. ಒಳ್ಳೆಯ ಪತ್ರ. ಎರಡನೇ ಪ್ಯಾರಾದಲ್ಲಿ — "ಹನ್ನೊಂದು ವರ್ಷಗಳಲ್ಲಿ ಮದ್ದಿನ ಪ್ರಮಾಣದಲ್ಲಿ ಒಮ್ಮೆಯೂ ತಪ್ಪದವರು."

"ಏನಾದ್ರೂ ಬಿಟ್ಟೋಯ್ತಾ?" ಎಂದು ಕೇಳಿದರು.

"ನಾಳೆ ಹೇಳ್ತೀನಿ ಮೇಡಂ" ಅಂದೆ.

ಸೆಪ್ಟೆಂಬರ್ 9, ಸಂಜೆ 5.10

ಹೇಳಿದೆ. ಬಾಯಲ್ಲಲ್ಲ, ಬರವಣಿಗೆಯಲ್ಲಿ. ಒಂದೂವರೆ ಪುಟ. ತೂಕ, ಪ್ರಮಾಣ, ನಾನು ಹೇಳಿದ ಸಂಖ್ಯೆ, ಅವಳು ಕೇಳಿದ ಪ್ರಶ್ನೆ, ಸಮಿತಿಗೆ ನಾನು ಹೇಳಿದ ಸುಳ್ಳು.

ಮೇಟ್ರನ್ ಓದಿ ಬಾಗಿಲು ಹಾಕಿ ಬಂದರು. "ತಲೆ ಕೆಟ್ಟಿದೆಯಾ ನಿಂಗೆ? ಫೈಲು ಮುಚ್ಚಿಹೋಗಿದೆ. ಸೀಟು ಕೈಗೆ ಬರೋ ಹೊತ್ತಲ್ಲಿ... ತಗೊಂಡು ಹೋಗು. ನಾನಿದನ್ನ ನೋಡೇ ಇಲ್ಲ."

"ನೋಡಿದೀರಿ ಅಂತ ಸೀಲ್ ಹಾಕಿಕೊಡಿ ಮೇಡಂ. ಕಾಪಿ ಒಂದು ನಂಗೆ ಬೇಕು."

ಮತ್ತೊಮ್ಮೆ ಓದಿದರು. ಸೀಲ್ ಹಾಕಿದರು. ಶಿಫಾರಸು ಪತ್ರವನ್ನು ಡ್ರಾಯರಿಗೆ ಸೇರಿಸಿದರು. ಅದನ್ನಿನ್ನು ಕೇಳುವ ಹಾಗಿಲ್ಲ. ಕೆಲಸವೂ ಉಳಿಯಲಿಕ್ಕಿಲ್ಲ.

ಮನೆಗೆ ಬಂದು ಗುಬ್ಬಿಗೆ ಫೋನ್ ಮಾಡಿದೆ. ಎತ್ತಿದಳು. "ಹೇಳಿ ಅಕ್ಕ, ರಿಸಲ್ಟ್ ಬಂತಾ?" ಅಂಗಡಿಯಲ್ಲಿ ಯಾರೋ ನಗುತ್ತಿದ್ದರು. ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. "ನೀನು ಎಳೆದದ್ದು ಸರಿ ಇತ್ತು. ನಾನು ಹೇಳಿದಷ್ಟೇ ಎಳೆದೆ" ಅಂದೆ. ಅವಳು ಅಂಗಡಿಯ ಹೊರಗೆ ಬಂದದ್ದು ಕೇಳಿಸಿತು.

"ನಿಮ್ಗೆ ಗೊತ್ತಿತ್ತು" ಅಂದಳು.

"ಹೂಂ."

"ಅವತ್ತು ಅಂಗ್ಡೀಗೆ ಬಂದಾಗ್ಲೂ."

"ಹೂಂ."

"ಮನೇಲೇ ಇರಿ. ಬರ್ತಿದೀನಿ." ಅಕ್ಕ ಅನ್ನಲಿಲ್ಲ.

5.50

ಗೇಟಿನ ಸದ್ದು. ಅಮ್ಮನಿಗೆ ಏನೂ ಗೊತ್ತಿಲ್ಲ, ಸಂಭ್ರಮದಿಂದ ಕರೆಯುತ್ತಿದ್ದಾಳೆ — "ಬಾರೇ ಗುಬ್ಬಿ! ಎಷ್ಟು ದಿನ ಆಯ್ತೇ ನೀನು ಬಂದು! ಕೂತ್ಕೋ, ಕಾಫಿ ಮಾಡ್ತೀನಿ." ಹಾಲಿನಲ್ಲಿ ಅವಳು ಕೂತ ಸದ್ದಿಲ್ಲ. ಅಮ್ಮನ ದನಿ ತಗ್ಗಿತು. "ಯಾಕೇ ಮಗಳೇ, ಏನಾಯ್ತು?"

ನಾನೇ ಹೊರಗೆ ಹೋಗಬೇಕು. ಅವಳೇ ಈ ಕಡೆ ಬರುತ್ತಿದ್ದಾಳೆ. ಬಾಗಿಲು ತಟ್ಟುತ್ತಿಲ್ಲ, ಅದರಾಚೆ ನಿಂತು ಉಸಿರಾಡುತ್ತಿದ್ದಾಳೆ, ನನಗೆ ಕೇಳಿಸುತ್ತಿದೆ. ಪೆನ್ನು ಇಟ್ಟು ನಾನೇ ಬಾಗಿಲು ತೆರೆಯುತ್ತೇನೆ.