ವಾಪಸ್ ಬಂದ ಕಾವಲಿ

ನನ್ನ ಅಕ್ಕನಿಗೆ,

ನಮ್ಮ ಜಗಳ ಅರ್ಧಕ್ಕೇ ನಿಂತುಹೋಗಿತ್ತಲ್ಲ, ಅದನ್ನು ಮುಗಿಸಲು ಕೂತಿದ್ದೇನೆ. ನೀನು ಹೊರಟುಹೋದ ರೀತಿಗೆ ನನಗಿನ್ನೂ ಸಿಟ್ಟಿದೆ. ಒಂದು ವೆಬ್‌ಸೈಟ್ ಆಗುವವರೆಗಾದರೂ ಇರಬಾರದಿತ್ತೇ?

ವಿನೋಬನಗರದ ಕ್ಲಿನಿಕ್ಕಿನ ಆ ಬೆಂಚು ನೆನಪಿದೆಯಾ? ನೀನು, ನಾನು, ಮಧ್ಯೆ ನನ್ನ ಲ್ಯಾಪ್‌ಟಾಪ್. ಡಾಕ್ಟರ್ ಏನು ಹೇಳುತ್ತಾರೋ ಎಂದು ನಿನಗೆ ಹೆದರಿಕೆ ಆಗಬಾರದೆಂದು ನಿನ್ನ ಕಾವಲಿ ಮಾರುವ ವೆಬ್‌ಸೈಟಿನ ಮಾತು ತೆಗೆದಿದ್ದೆ. ತಿಂಗಳ ಬಾಡಿಗೆಗೆ ರೆಡಿಮೇಡ್ ಅಂಗಡಿ ಕೊಡುವ ಪ್ಲಾಟ್‌ಫಾರ್ಮ್ ಒಂದು. ಪುಕ್ಕಟೆ ಸಿಕ್ಕರೂ ಕಟ್ಟುವುದು, ರಿಪೇರಿ ಮಾಡುವುದು ಎಲ್ಲ ನಾವೇ ನೋಡಿಕೊಳ್ಳಬೇಕಾದದ್ದು ಇನ್ನೊಂದು. ನನಗೆ ಮೊದಲನೆಯದು ಸಾಕಾಗಿತ್ತು. ಆದರೆ ಅದರಲ್ಲಿ ಪ್ರತಿ ಸಾಮಾನಿನ ಕೆಳಗೂ 'ವಾಪಸ್' ಎಂಬ ಬಟನ್, ತೆಗೆಯಲು ಬರುವುದಿಲ್ಲ. ಅದನ್ನು ನೋಡಿದ್ದೇ ತಡ, ನಿನ್ನ ಮುಖ ಗಂಟಾಯಿತು.

"ಕಾವಲಿ ವಾಪಸ್ ಕೊಡೋದು ಅಂದ್ರೇನೇ? ಅದೇನು ಸೀರೆನಾ, ಉಟ್ಟು ನೋಡಿ ಮಡಚಿ ಕೊಡೋಕೆ?"

"ಈಗ ಎಲ್ಲಾ ಕಡೆ ಹಂಗೇ ಅಕ್ಕಾ."

"ನನ್ ಅಂಗಡೀಲಿ ಹಂಗಿಲ್ಲ ಮಾರಾಯ್ತಿ."

ಅಷ್ಟರಲ್ಲಿ ಒಳಗಿನಿಂದ ನಿನ್ನ ಹೆಸರು ಕರೆದರು. ಆಮೇಲೆ ನಾವು ವೆಬ್‌ಸೈಟಿನ ಮಾತು ಆಡಲೇ ಇಲ್ಲ.

ಭದ್ರಾವತಿಯ ನಿನ್ನ ಹಿತ್ತಲಿನ ಒಲೆ ಈಗಲೂ ಕಣ್ಣಿಗೆ ಕಟ್ಟಿದ ಹಾಗಿದೆ. ನೀನು ಫೌಂಡ್ರಿಯಿಂದ ಬೂದು ಬಣ್ಣದ ಒರಟು ಕಾವಲಿ ತಂದು, ತಿಕ್ಕಿ ತೊಳೆದು, ಎಳ್ಳೆಣ್ಣೆ ಸವರಿ ಕಾಯಿಸಿ, ಅರ್ಧ ಈರುಳ್ಳಿಯಿಂದ ಉಜ್ಜಿ ಉಜ್ಜಿ ಕಪ್ಪು ಮಾಡುತ್ತಿದ್ದೆ. ಒಂದು ದೋಸೆ ಹರಿಯದೆ ಏಳುವವರೆಗೆ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಎದ್ದ ದೋಸೆ ಗಿರಾಕಿಗೆ, ಅದಕ್ಕೂ ಮುಂಚೆ ಹರಿದು ಚೂರಾದವೆಲ್ಲ ಭಾವನ ತಟ್ಟೆಗೆ. ಪಾಪ, ನಿನ್ನನ್ನು ಕಟ್ಟಿಕೊಂಡ ಮೇಲೆ ಆ ಮನುಷ್ಯ ಒಂದಾದರೂ ಇಡೀ ದೋಸೆ ತಿಂದಿದ್ದರಾ? ಕೊನೆಗೆ ನಿನ್ನದೊಂದು ಹಳೆ ಸೀರೆಯ ಚೂರನ್ನು ಹಿಡಿಗೆ ಸುತ್ತಿ ಕೊಡುತ್ತಿದ್ದೆ, ಕೈ ಸುಡದಿರಲಿ ಎಂದು.

ನೀನು ಹೋದ ಮೇಲೆ ನಾನು ರೆಡಿಮೇಡ್ ಅಂಗಡಿಯನ್ನೇ ತೆರೆದೆ ಅಕ್ಕ. ಇನ್ನೊಂದನ್ನು ಕಲಿತು ಕಟ್ಟುವಷ್ಟು ಚೈತನ್ಯ ನನ್ನಲ್ಲಿರಲಿಲ್ಲ. ನಾನು ಶಿವಮೊಗ್ಗದಲ್ಲಿ ಕೂತು ಆರ್ಡರ್ ನೋಡುವುದು, ಭಾವ ಅಲ್ಲಿ ಪ್ಯಾಕ್ ಮಾಡುವುದು ಎಂದಾಯಿತು. ನೀನು ಪಳಗಿಸಿಟ್ಟಿದ್ದ ಕಾವಲಿಗಳು ಅಡುಗೆಮನೆಯ ಮೂಲೆಯಲ್ಲಿ ಇದ್ದೇ ಇವೆ, ಒಂದನ್ನು ಮನೆಗೆ ತಂದುಕೊಳ್ಳೋಣ ಎಂದುಕೊಂಡೇ ಬಸ್ಸು ಹತ್ತಿದ್ದೆ. ಹೋಗಿ ನೋಡಿದರೆ ಮೂಲೆ ಖಾಲಿ.

"ಅವಳ್ ಕೈಯಿಂದು ಮೊದ್ಲು ಹೋಗ್ಲಿ ಅಂತ ಕಳಿಸ್ದೆ ಕಣಮ್ಮ. ತಪ್ಪಾಯ್ತಾ?" ಎಂದರು ಭಾವ.

ಇಲ್ಲ ಭಾವ ಎಂದು ಬಚ್ಚಲಿಗೆ ಹೋಗಿ ಅತ್ತೆ. ನಿನ್ನ ಕೈಯಿಂದಾದದ್ದು ಒಂದೂ ಉಳಿಯಲಿಲ್ಲವಲ್ಲ ಎಂದು...

ಮೊನ್ನೆ ಯಾರೋ ದೂರದ ಊರಿನವರು ಆ 'ವಾಪಸ್' ಬಟನ್ ಒತ್ತಿದರು. 'ಬಳಸಿದ ಹಳೆ ತವಾ ಕಳಿಸಿದ್ದೀರಿ. ಎಣ್ಣೆ ಅಂಟಿದೆ, ಈರುಳ್ಳಿ ವಾಸನೆ, ಹಿಡಿಗೆ ಯಾರದೋ ಹಳೆ ಬಟ್ಟೆ' ಎಂದು ಕಾರಣ ಬರೆದಿದ್ದರು. ಓದಿ ಮೈಯೆಲ್ಲ ಉರಿದುಹೋಯಿತು. ಅಕ್ಕ ಹೇಳಿದ್ದೇ ಸರಿ, ಈ ಅಂಗಡಿಯೇ ಬೇಡ ಎಂದು ಬೈದುಕೊಂಡೇ ಭದ್ರಾವತಿಗೆ ಹೋಗಿ, ವಾಪಸ್ ಬಂದಿದ್ದ ಡಬ್ಬ ಒಡೆದೆ. ಹಿಡಿಗೆ ಸುತ್ತಿದ್ದದ್ದು ನಿನ್ನ ಹಸಿರು ಅಂಚಿನ ಸೀರೆ. ನಾನೂ ಭಾವನೂ ಅದನ್ನು ನಡುವೆ ಇಟ್ಟುಕೊಂಡು ಕೂತೆವು.

ಈಗ ವೆಬ್‌ಸೈಟಿನಲ್ಲಿ ಸ್ಪಷ್ಟವಾಗಿ ಬರೆದಿದ್ದೇನೆ: ಇದು ಹಳೆಯದಲ್ಲ, ಒಂದು ದೋಸೆ ಎದ್ದ ಮೇಲಷ್ಟೇ ಕಳಿಸುತ್ತೇವೆ. ಹಿತ್ತಲಿನ ಒಲೆಯನ್ನು ಆರಲು ಬಿಡುವುದಿಲ್ಲ, ಅದು ನನ್ನ ಮಾತು. ಆದರೆ ಪ್ಲಾಟ್‌ಫಾರ್ಮ್ ಬದಲಾಯಿಸುವುದಿಲ್ಲ, ನೀನು ಎಷ್ಟೇ ಬೈಯಿ. ಬೆಳಿಗ್ಗೆ ಎದ್ದ ಕೂಡಲೇ ಇನ್ಯಾರಾದರೂ 'ವಾಪಸ್' ಒತ್ತಿದ್ದಾರಾ ಎಂದು ನೋಡುತ್ತೇನೆ. ಯಾವ ಅಂಗಡಿಯವಳು ಹಾಗೆ ಕಾಯುತ್ತಾಳೆ, ನೀನೇ ಹೇಳು?

ಇವತ್ತು ಆ ಕಾವಲಿಯನ್ನು ಒಲೆಗೆ ಇಟ್ಟೆ. ಮೊದಲ ದೋಸೆಯೇ ಸಲೀಸಾಗಿ ಎದ್ದು ಬಂತು. ಭಾವನ ತಟ್ಟೆಗೆ ಹಾಕಿದರೆ ಮುಟ್ಟಲಿಲ್ಲ.

"ಇದು ಗಿರಾಕಿದಲ್ವೇನಮ್ಮ? ನಂಗೆ ಹರಿದಿದ್ದು ಹಾಕು, ಕಾಯ್ತೀನಿ" ಎಂದರು.

ಹಿಟ್ಟು ಮುಗಿಯುವವರೆಗೆ ಹುಯ್ದೆ ಅಕ್ಕ. ಒಂದೂ ಹರಿಯಲಿಲ್ಲ.

ನಿನ್ನ ತಂಗಿ