ತೊಳೆದ ಕೆರೆ

ಬಾರ್ಕೂರು
12 ಫೆಬ್ರವರಿ 2025

ಪ್ರೀತಿಯ ಸೊಸೆ ಶರಣ್ಯಾಳಿಗೆ ಸೋದರಮಾವನ ಆಶೀರ್ವಾದ.

ನಾವಿಲ್ಲಿ ಸೌಖ್ಯ. ನೀನು ಊಟ, ನಿದ್ದೆ ಬಿಟ್ಟಿಲ್ಲ ತಾನೆ? ನೀವೆಲ್ಲ ಕೆರೆ ನೋಡಿ ಹೋದ ದಿನವೇ ಬರೆಯಬೇಕಿತ್ತು, ತಡವಾಯಿತು. ಫೋನು ಕೈಯಲ್ಲೇ ಇದೆ. ಆದರೆ ನಿನ್ನ ದನಿ ಕೇಳಿದರೆ ನನಗೆ ನಾಲಿಗೆ ಏಳಲಿಕ್ಕಿಲ್ಲ. ನಾಚಿಕೆಯಾಗುತ್ತದೆ ಮಗಾ.

ನೀನು ಎಷ್ಟು ಬಿಡಿಸಿ ಹೇಳಿದ್ದೆ! "ಮಾವ, ನಮ್ ಕೆರೆ ಹಸ್ರಲ್ಲಿ ಎಣ್ಣೆ ಇತ್ತ್. ಗಾಡಿ ಓಡ್ಸೂಕೂ ಆತ್ತ್, ಉಳ್ದದ್ದ್ ಮಕ್ಕಳ್ ಪುಷ್ಟಿಗೂ ಆತ್ತ್. ಮುಟ್ಟೂಕಾಗ ಕಾಣಿ." ಲ್ಯಾಬಿನಲ್ಲಿ ಬೆಳೆಸಿದ್ದಕ್ಕೆ ಹುಳ ಬಿದ್ದು ಹಾಳಾಯಿತು, ಇನ್ನು ಈ ಕೆರೆಯೇ ಗತಿ ಎಂದೂ ಹೇಳಿದ್ದೆ. ನಿನ್ನ ಕೆಲಸ ಮುಂದುವರಿಯಬೇಕೋ ಬೇಡವೋ ಎಂದು ತೀರ್ಮಾನಿಸಲು ದೊಡ್ಡವರು ಕೆರೆ ನೋಡಲು ಬರುತ್ತಾರೆ ಎಂದಿದ್ದೆ. ನಾನು ಎಲ್ಲದಕ್ಕೂ ತಲೆಯಾಡಿಸಿದೆ. ತಲೆಯೊಳಗೆ ಹೋದದ್ದು ದೊಡ್ಡವರು ಬರುತ್ತಾರೆ ಎಂಬುದೊಂದೇ.

ಮುಂಬೈಯಲ್ಲಿ ಹೋಟೆಲು ನಡೆಸಿದವನು ನಾನು. ಟೇಬಲು ಒರೆಸದೆ ಗಿರಾಕಿಯನ್ನು ಕೂರಿಸಿ ಗೊತ್ತಿಲ್ಲ. ಅವರು ಬರುವ ಹಿಂದಿನ ದಿನ ಪಾಚಿಯನ್ನೆಲ್ಲ ಬಾಚಿಸಿ, ಕೆರೆಗೆ ಬ್ಲೀಚಿಂಗ್ ಪೌಡರ್ ಸುರಿಸಿದೆ. ನಿನ್ನ ಅತ್ತೆ ಅಡ್ಡ ಬಂದಳು.

"ಹ್ವಾಯ್, ಹೆಣ್ಣ್ ಮುಟ್ಟೂಕಾಗ ಅಂದಿತ್ತಲ್ದಾ?"

"ಸುಮ್ನಿರ್. ದೊಡ್ಡ ಜನ ಬಪ್ಪತಿಗೆ ಪಾಚಿ ತೋರ್ಸೂದಾ? ಮನೆ ಮರ್ಯಾದಿ ಎಂತ ಆತ್ತ್?" ಎಂದು ಗದರಿದೆ. ನೀರು ತಳ ಕಾಣುವಷ್ಟು ತಿಳಿಯಾದಾಗ ಬೀಗಿದೆ ಕೂಡ.

ನಿನ್ನ ಕೆಲಸ ನಿಂತಿದೆ ಎಂದು ನಿನ್ನಮ್ಮ ಮೊನ್ನೆ ಹೇಳಿದಳು. ಉಣ್ಣುತ್ತಿದ್ದವನು ಅರ್ಧಕ್ಕೇ ಎದ್ದು ಕೈ ತೊಳೆದೆ. ಬುದ್ಧಿವಂತನೆಂದು ಊರಿಗೆಲ್ಲ ಬುದ್ಧಿ ಹೇಳುವ ಬಾಯಿ ಇದು!

ಇನ್ನೊಂದು ಸಂಗತಿ. ದನಗಳು ನೀರು ಕುಡಿಯುವ ಕಲ್ಲಿನ ಬಾನಿಗೆ, ಪೌಡರ್ ಸುರಿಸುವ ಮೊದಲೇ, ಕೆರೆಯ ನೀರು ತುಂಬಿಸಿದ್ದೆವು. ಅದರಲ್ಲಿ ಹಸಿರು ಕಾಣುತ್ತಿದೆ. ಅದು ನಿನ್ನದೋ, ಬರೀ ಪಾಚಿಯೋ, ನನಗೇನು ತಿಳಿದೀತು? ಅತ್ತೆ ತಿಕ್ಕಲು ಹೋದಾಗ ಕೈ ಹಿಡಿದು ನಿಲ್ಲಿಸಿದೆ. ದನಗಳಿಗೆ ಈಗ ಬಕೆಟ್ಟಿನಲ್ಲಿ ನೀರು. ಬಾಟಲಿ ಹಿಡಿದುಕೊಂಡು ಒಮ್ಮೆ ಬಾ.

ದೇವರು ನಿನ್ನ ಕೈ ಬಿಡದಿರಲಿ.

ನಿನ್ನ ಮಾವ,
ಚಂದಯ್ಯ

ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ: "ಇದನ್ನು ಯಾರು ತೊಳೆಸಿದ್ದು?" ಎಂದು ಕೆರೆ ನೋಡಲು ಬಂದ ಆ ಸಾಹೇಬರು ಸಿಡುಕಿದಾಗ, "ನಾನೇ ಸರ್, ತಪ್ಪು ನನ್ನದು" ಎಂದುಬಿಟ್ಟೆ ನೀನು. ನಾನು ಪಕ್ಕದಲ್ಲೇ ಅವರಿಗೆ ಎಳನೀರಿನ ಬೊಂಡ ಕೆತ್ತುತ್ತಾ ನಿಂತಿದ್ದೆ. ಬಾಯಿ ಬಿಡಲಿಲ್ಲ. ಹೊರಡುವಾಗ ನನ್ನ ಮುಖ ನೋಡಿ, "ಕೆರೆ ಚಂದ ಆಯ್ತ್ ಮಾವ" ಎಂದೆಯಲ್ಲ, ಅದರ ಬದಲು ನಾಲ್ಕು ಜನರೆದುರು ಬೈದುಬಿಡಬಾರದಿತ್ತೇ?